ಗೋಡೌನ್ ಅಲಾರಂ: ಹಳದಿ ದೀಪ ಆರುತ್ತಿಲ್ಲ, ಬ್ಯಾಟರಿ ನೋಡಿದರೆ 13.6 ವೋಲ್ಟ್ ಇದೆ

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಪಿಎಂಸಿ ಹತ್ತಿರ ನಮ್ಮದೊಂದು ಮೆಕ್ಕೆಜೋಳದ ಗೋಡೌನ್ ಇದೆ. ಡಿಎಸ್‌ಸಿ ಕಂಪನಿಯ ಪವರ್ ಸೀರೀಸ್ ಕಳ್ಳತನದ ಅಲಾರಂ ಹಾಕಿಸಿ ಆರು ವರ್ಷ ಆಯಿತು. ಮೂರು ಶಟರ್‌ಗೆ ಮ್ಯಾಗ್ನೆಟ್ ಸೆನ್ಸರ್, ಒಳಗೆ ಎರಡು ಮೋಷನ್ ಸೆನ್ಸರ್, ಹೊರಗೆ ಒಂದು ಸೈರನ್. ಎಲ್ಲವೂ ವೈರಿನದ್ದೇ.

ನಾಲ್ಕು ದಿನದಿಂದ ಕೀಪ್ಯಾಡಿನಲ್ಲಿ ಹಳದಿ ದೀಪ ಉರಿಯುತ್ತಿದೆ. ಹತ್ತು ಸೆಕೆಂಡಿಗೊಮ್ಮೆ ಎರಡು ಸಲ ಬೀಪ್ ಅನ್ನುತ್ತದೆ. ಹ್ಯಾಷ್ ಒತ್ತಿದರೆ ಸದ್ದು ನಿಲ್ಲುತ್ತದೆ, ದೀಪ ಆರುವುದಿಲ್ಲ. ಕರೆಂಟ್ ಸರಿಯಾಗಿದೆ. ಬ್ಯಾಟರಿಗೆ ಮೀಟರ್ ಇಟ್ಟು ನೋಡಿದೆ, 13.6 ವೋಲ್ಟ್ ಬಂತು. ಅಂದರೆ ಬ್ಯಾಟರಿ ಚೆನ್ನಾಗಿದೆ ಅಲ್ವಾ? ನೋಡಲು ಬಂದ ಟೆಕ್ನೀಷಿಯನ್ ಪ್ಯಾನೆಲ್ಲನ್ನೇ, ಅಂದರೆ ಎಲ್ಲ ವೈರ್ ಬಂದು ಸೇರುವ ಮುಖ್ಯ ಬೋರ್ಡನ್ನೇ, ಬದಲಿಸಬೇಕು ಅಂದರು. ಸುಗ್ಗಿ ಸಮಯ, ಗೋಡೌನ್ ತುಂಬ ಮಾಲಿದೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ, ಚಿತ್ರದುರ್ಗ

ಮೊದಲು ಧೈರ್ಯವಾಗಿರಿ. ಹಳದಿ ದೀಪ ಅಂದರೆ ಕಳ್ಳ ಬಂದ ಅಂತ ಅಲ್ಲ, ಸಿಸ್ಟಮ್ ತನಗೇ ಏನೋ ತೊಂದರೆ ಆಗಿದೆ ಅಂತ ಹೇಳುತ್ತಿದೆ. ಏನು ತೊಂದರೆ ಅಂತಲೂ ಅದೇ ಹೇಳುತ್ತದೆ. ಸ್ಟಾರ್ ಒತ್ತಿ, 2 ಒತ್ತಿ. ಯಾವ ನಂಬರ್ ಬೆಳಗುತ್ತದೆ ನೋಡಿ. 2 ಆದರೆ ಕರೆಂಟ್, 5 ಆದರೆ ಯಾವುದೋ ಜೋನ್ (ಸೆನ್ಸರ್‌ನಿಂದ ಪ್ಯಾನೆಲ್‌ಗೆ ಬರುವ ಒಂದೊಂದು ಲೈನ್), 8 ಆದರೆ ಗಡಿಯಾರದ ಸಮಯ ಹೋಗಿದೆ ಅಷ್ಟೆ. 1 ಬಂದರೆ ಇನ್ನೊಮ್ಮೆ 1 ಒತ್ತಿ. ಒಳಗೆ ಮತ್ತೆ 1 ಬಂದರೆ ಬ್ಯಾಟರಿ ಕುಗ್ಗಿದೆ ಅಂತ ಅರ್ಥ. ಇದನ್ನು ನೋಡದೆ ಪ್ಯಾನೆಲ್ ಬದಲಿಸಲು ಹೋಗಬೇಡಿ.

ಇನ್ನು ನಿಮ್ಮ 13.6. ಅದು ಬ್ಯಾಟರಿಯ ವೋಲ್ಟೇಜ್ ಅಲ್ಲ, ಚಾರ್ಜರ್‌ದು. ಪ್ಯಾನೆಲ್ ಸದಾ 13.5ರಿಂದ 13.8 ವೋಲ್ಟ್ ಕೊಡುತ್ತಲೇ ಇರುತ್ತದೆ. ಸತ್ತ ಬ್ಯಾಟರಿಗೆ ಮೀಟರ್ ಇಟ್ಟರೂ ಅಷ್ಟೇ ತೋರಿಸಬಹುದು. ಟ್ರಾನ್ಸ್‌ಫಾರ್ಮರ್ ಪ್ಲಗ್ ತೆಗೆಯಿರಿ. ಅದರ 230 ವೋಲ್ಟ್ ಕಡೆಯ ವೈರಿಗೆ ಕೈ ಹಾಕಬೇಡಿ. ಬ್ಯಾಟರಿ ಮೇಲೆಯೇ ಹದಿನೈದು ನಿಮಿಷ ಓಡಲಿ. ಆಮೇಲೆ ಒಂದು ಕ್ಷಣ ಸೈರನ್ ಕೂಗಿಸಿ ನೋಡಿ. ಆಗ ಮೀಟರಿನಲ್ಲಿ ಬಂದ ವೋಲ್ಟೇ ನಿಜ. 11.5ಕ್ಕಿಂತ ಕೆಳಗಿಳಿದರೆ ಪ್ಯಾನೆಲ್ ದೂರುತ್ತದೆ.

ಪ್ಯಾನೆಲ್ ಬಾಕ್ಸ್ ಎಲ್ಲಿ ಹೊಡೆಸಿದ್ದೀರಿ? ತಗಡಿನ ಚಾವಣಿ ಕೆಳಗಾ? ಈ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಕೇಳಿದವರು

ತುಂಬ ಥ್ಯಾಂಕ್ಸ್ ಸರ್. 1 ಬಂತು, ಒಳಗೂ 1 ಬಂತು. ಪ್ಲಗ್ ತೆಗೆದ ಕೂಡಲೇ 12.3, ಎಂಟು ನಿಮಿಷಕ್ಕೆ 11.2. ಸೈರನ್ ಹಾಕಿದ ತಕ್ಷಣ ಕೀಪ್ಯಾಡೇ ಆರಿಹೋಯಿತು. ಹೌದು, ಬಾಕ್ಸ್ ತಗಡಿನ ಕೆಳಗೇ ಇದೆ. ಹೊಸ 12 ವೋಲ್ಟ್ 7 ಎಎಚ್ ಬ್ಯಾಟರಿ ಹಾಕಿದೆ. ಹಳದಿ ದೀಪ ಆರಿತು.

ಆದರೆ ಈಗ ಬೇರೆ ಭಯ ಶುರುವಾಗಿದೆ. ಹೇಗೂ ಹೋಗಿದ್ದೇನೆ ಅಂತ ಒಂದೊಂದೇ ಶಟರ್ ಎತ್ತಿ ಕೀಪ್ಯಾಡ್ ನೋಡಿದೆ. ಒಂದು, ಎರಡು ಸರಿಯಾಗಿ ತೋರಿಸಿದವು. ಮೂರನೆಯದು, ಹಿಂದಿನ ಗಲ್ಲಿ ಕಡೆಯದು, ಪೂರ್ತಿ ಎತ್ತಿದರೂ ಎಲ್ಲ ಮುಚ್ಚಿದೆ ಅನ್ನುವ ಹಸಿರು ದೀಪ ಹಾಗೇ ಇದೆ. ಹಳದಿಯೂ ಇಲ್ಲ. ಎಷ್ಟು ದಿನದಿಂದ ಹೀಗಿದೆಯೋ ಏನೋ.

ಉತ್ತರ, ಚಿತ್ರದುರ್ಗ

ಎತ್ತಿ ನೋಡಿದ್ದು ಬಹಳ ಒಳ್ಳೆಯದಾಯಿತು. ನನ್ನ ಮಟ್ಟಿಗೆ ಬ್ಯಾಟರಿಗಿಂತ ಇದೇ ದೊಡ್ಡ ವಿಷಯ.

ಪ್ರತಿ ಜೋನ್ ಲೈನಿಗೂ ಒಂದು ರೆಸಿಸ್ಟರ್ ಇರುತ್ತದೆ, ಕರೆಂಟ್ ಹರಿವನ್ನು ಇಷ್ಟೇ ಅಂತ ತಡೆಯುವ ಚಿಕ್ಕ ಬಿಡಿಭಾಗ. ನಿಮ್ಮ ಪ್ಯಾನೆಲ್‌ಗೆ 5.6 ಕಿಲೋ ಓಮ್, ಅಂದರೆ 5600 ಓಮ್. ಪ್ಯಾನೆಲ್ ಯಾವಾಗಲೂ ಆ 5600 ಕಾಣುತ್ತಿದೆಯಾ ಅಂತ ನೋಡುತ್ತದೆ. ಕಂಡರೆ ಎಲ್ಲ ಸರಿ. ವೈರ್ ತುಂಡಾದರೆ ಅಥವಾ ಶಟರ್ ತೆರೆದರೆ ಅದು ಮಾಯ. ಎರಡು ವೈರ್ ಒಂದಕ್ಕೊಂದು ತಾಗಿದರೆ ಸೊನ್ನೆ. ಎರಡರಲ್ಲೂ ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಆದರೆ ರೆಸಿಸ್ಟರ್ ಇರಬೇಕಾದ್ದು ಲೈನಿನ ಕೊನೆಯಲ್ಲಿ, ಸೆನ್ಸರ್ ಪಕ್ಕದಲ್ಲಿ. ಕೆಲವರು ಬೇಗ ಕೆಲಸ ಮುಗಿಯಲಿ ಅಂತ ಪ್ಯಾನೆಲ್ ಬಾಕ್ಸಿನೊಳಗೇ ಸಿಕ್ಕಿಸಿಬಿಡುತ್ತಾರೆ. ಆಗ ದಾರಿಯಲ್ಲಿ ಎಲ್ಲಿ ವೈರ್ ತಾಗಿದರೂ ಪ್ಯಾನೆಲ್‌ಗೆ 5600 ಕಾಣುತ್ತಲೇ ಇರುತ್ತದೆ. ಶಟರ್ ಎತ್ತಿದರೂ ಅಷ್ಟೆ. ಹಸಿರು ದೀಪ ಉರಿಯುತ್ತದೆ, ಕಾವಲು ಇರುವುದಿಲ್ಲ. ಭೀಮಸಮುದ್ರದ ಒಂದು ಅಡಿಕೆ ಗೋಡೌನಿನಲ್ಲಿ ಇದನ್ನೇ ನೋಡಿ ನನಗೆ ಎದೆ ಝಲ್ ಅಂದಿತ್ತು.

ಮೂರನೇ ಜೋನಿನ ಎರಡೂ ವೈರ್ ಪ್ಯಾನೆಲ್‌ನಿಂದ ಬಿಚ್ಚಿ, ಮೀಟರನ್ನು ಓಮ್‌ಗೆ ಇಡಿ. ಶಟರ್ ಮುಚ್ಚಿದಾಗ 5.6 ಕಿಲೋ ಆಸುಪಾಸು ಬರಬೇಕು, ಎತ್ತಿದರೆ ಏನೂ ಬರಬಾರದು. ಮುಚ್ಚಿದಾಗ ಬರೀ ಎರಡು ಮೂರು ಓಮ್ ಬಂದರೆ ರೆಸಿಸ್ಟರ್ ಬಾಕ್ಸಿನೊಳಗಿದೆ ಅಂತ. ಎತ್ತಿದರೂ ಅದೇ ಎರಡು ಮೂರು ಓಮ್ ಬಂದರೆ ವೈರ್ ಎಲ್ಲೋ ತಾಗಿದೆ, ಇಲ್ಲವೇ ಸೆನ್ಸರ್ ಅಂಟಿಕೊಂಡಿದೆ. ಸೆನ್ಸರ್ ಬಿಚ್ಚಿ ಮತ್ತೆ ಅಳೆದರೆ ಯಾವುದು ಅಂತ ತಿಳಿಯುತ್ತದೆ.

ಇನ್ನೊಬ್ಬರ ಉತ್ತರ, ದಾವಣಗೆರೆ

ಕಾಳಿನ ಗೋಡೌನ್ ಅಂದರೆ ಮೊದಲು ಇಲಿ ನೋಡಿ ಸರ್. ಚೀಲದ ಹಿಂದೆ, ನೆಲದ ಹತ್ತಿರ ಹೋಗಿರುವ ವೈರೇ ಅವಕ್ಕೆ ಬೇಕು.

ಕೇಳಿದವರು

ಇಲಿಯೇ. ಮೀಟರಿನಲ್ಲಿ 3 ಓಮ್ ಬಂತು, ಶಟರ್ ಎತ್ತಿದರೂ 3, ಸೆನ್ಸರ್ ಬಿಚ್ಚಿದರೂ 3. ಹಿಂದಿನ ಗೋಡೆ ಕಡೆ ನಲವತ್ತು ಚೀಲ ಸರಿಸಿದೆವು. ಒಂದು ಗೇಣು ಉದ್ದ ಪ್ಲಾಸ್ಟಿಕ್ ಪೂರ್ತಿ ತಿಂದು, ಎರಡು ತಂತಿ ಒಂದರ ಮೇಲೊಂದು ಕೂತಿದ್ದವು. ಪ್ಯಾನೆಲ್ ಬಾಕ್ಸಿನಲ್ಲಿ ಐದೂ ರೆಸಿಸ್ಟರ್ ಸಾಲಾಗಿ ಸಿಕ್ಕಿಸಿದ್ದರು.

ಹೊಸ ವೈರನ್ನು ಪೈಪಿನೊಳಗೆ, ಆಳೆತ್ತರದಲ್ಲಿ ಎಳೆಸಿದೆ. ಐದೂ ರೆಸಿಸ್ಟರ್ ಸೆನ್ಸರ್ ಪಕ್ಕಕ್ಕೆ ಹೋದವು. ಈಗ ಮೂರನೇ ಜೋನ್ ಮುಚ್ಚಿದಾಗ 5.61 ಕಿಲೋ ಓಮ್. ಬೇಕೆಂದೇ ಸೆನ್ಸರ್ ಹತ್ತಿರ ಎರಡು ವೈರ್ ತಾಗಿಸಿ ನೋಡಿದೆ, ತಕ್ಷಣ ಹಸಿರು ದೀಪ ಆರಿತು. ಐದು ಜೋನಿನ ಓಮ್ ಲೆಕ್ಕ, ಬ್ಯಾಟರಿ ಹಾಕಿದ ತಾರೀಖು ಬರೆದು ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಬಾಕ್ಸನ್ನು ನಾಳೆ ಆಫೀಸ್ ರೂಮಿನ ಒಳಗೋಡೆಗೆ ಇಳಿಸುತ್ತೇವೆ.