ಪಿ0135 ಕೋಡ್ ಬಂದ್ರೆ ಆಕ್ಸಿಜನ್ ಸೆನ್ಸರ್ ಬದಲಾಯಿಸಲೇಬೇಕಾ?

ಪ್ರಶ್ನೆ: 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಚೆಕ್ ಎಂಜಿನ್ ಲೈಟ್ ಹತ್ತಿದೆ. ಸ್ಕ್ಯಾನರ್‌ನಲ್ಲಿ ಪಿ0135. ಮೈಲೇಜೂ ಸ್ವಲ್ಪ ಬಿದ್ದಿದೆ. ಗ್ಯಾರೇಜಿನವರು ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ ಅಂತಿದ್ದಾರೆ. ಹಾಕಿಸ್ಲಾ ಸಾರ್?

ಉತ್ತರ: ತಡೀರಿ ಸಾರ್, ಮೊದಲು ಚೆಕ್ ಮಾಡಿಸಿ. ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡೋ ಡಬ್ಬಿ) ಮುಂಚೆ ಇರೋ, ಹೊಗೆಯಲ್ಲಿನ ಆಕ್ಸಿಜನ್ ಅಳೆಯೋ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅನ್ನೋದಷ್ಟೇ ಆ ಕೋಡ್‌ನ ಅರ್ಥ. ಫ್ಯೂಸ್, ವೈರ್, ಕನೆಕ್ಟರ್ ಎಲ್ಲಾ ಅದರಲ್ಲೇ ಬಂತು. ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗೋ ತನಕ ನಂಬೋ ರೀಡಿಂಗ್ ಕೊಡಲ್ಲ. ಹೀಟರ್ ಸತ್ರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಹೆಚ್ಚು ಹೊತ್ತು ಓಪನ್ ಲೂಪ್‌ನಲ್ಲೇ, ಅಂದ್ರೆ ಸೆನ್ಸರ್ ರೀಡಿಂಗ್ ನೋಡದೇ, ಅಂದಾಜಿಗೆ ಪೆಟ್ರೋಲ್ ಬಿಡುತ್ತೆ. ದಿನಾ ನಾಲ್ಕೈದು ಕಿಲೋಮೀಟರ್ ಓಡಿಸೋರಿಗೇ ಹೊಡೆತ ಜಾಸ್ತಿ.

ಮೊದಲು ಫ್ಯೂಸ್ ನೋಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಕನೆಕ್ಟರ್ ಬಿಚ್ಚಿ. ನಾಲ್ಕು ವೈರಿನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್, ಸಾಮಾನ್ಯವಾಗಿ ಬಿಳಿ, ಹೀಟರ್‌ದು. ಸೆನ್ಸರ್ ಕಡೆ ಅವೆರಡರ ನಡುವೆ ಮಲ್ಟಿಮೀಟರ್‌ನಿಂದ ಓಮ್ಸ್ (ವಿದ್ಯುತ್ ಪ್ರತಿರೋಧ) ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ 3ರಿಂದ 15 ಓಮ್ಸ್ ಒಳಗಿರುತ್ತೆ. ನಿಮ್ಮ ಮಾಡೆಲ್‌ದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಮೀಟರ್ ಓಪನ್ (ಸರ್ಕ್ಯೂಟ್ ತುಂಡಾಗಿದೆ ಅಂತ) ತೋರಿಸಿದ್ರೆ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಾಯಿಸಲೇಬೇಕು. ಸೊನ್ನೆ ಹತ್ತಿರ ಬಂದ್ರೆ ಒಳಗೆ ಶಾರ್ಟ್, ಹೊಸ ಫ್ಯೂಸ್ ಹಾಕಿದ್ರೂ ಮತ್ತೆ ಹೋಗುತ್ತೆ.

ಓಮ್ಸ್ ಸರಿಯಿದ್ರೆ ಗಾಡಿ ಕಡೆಯ ಕನೆಕ್ಟರ್‌ನ ಎರಡು ಹೀಟರ್ ಪಿನ್‌ಗಳ ನಡುವೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಹತ್ತಬೇಕು, ಇಲ್ಲಾ ಮಿನುಗಬೇಕು. ಇಲ್ಲದಿದ್ರೆ ವೈರಿಂಗ್ ಹುಡುಕಿ. ಕ್ಲಿಪ್ ಕಳಚಿ ವೈರು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತಗುಲಿ, ಇನ್ಸುಲೇಶನ್ ಕರಗಿ ತಾಮ್ರ ಕಾಣ್ತಿರೋದು ತುಂಬಾ ಸಾಮಾನ್ಯ.

ಪ್ರಶ್ನೆ: ಅಣ್ಣಾ, ಕನೆಕ್ಟರ್‌ಗೆ ಕ್ಲೀನರ್ ಸ್ಪ್ರೇ ಹೊಡೀಬಹುದಾ? ಸೆನ್ಸರ್ ಬಿಚ್ಚೋದು ಹೇಗೆ?

ಉತ್ತರ: ಸ್ಪ್ರೇ ದಯವಿಟ್ಟು ಬೇಡ. ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನ ಎಷ್ಟೋ ಸೆನ್ಸರ್‌ಗಳು ವೈರಿನ ಎಳೆಗಳ ಸಂದಿಯಿಂದಲೇ ಎಳ್ಕೊಳ್ಳೋದು, ಸ್ಪ್ರೇ ಆ ದಾರಿಗೆ ಇಳಿದ್ರೆ ರೀಡಿಂಗ್ ಕೆಡುತ್ತೆ. ಸೆನ್ಸರ್ ವೈರಿಗೆ ಬೆಸುಗೆಯೂ ಹಾಕಬೇಡಿ.

ಬಿಚ್ಚೋಕೆ ಎಂಜಿನ್ ಉಗುರುಬೆಚ್ಚಗಿರಲಿ. ಥ್ರೆಡ್‌ಗೆ ತುಕ್ಕು ಬಿಡಿಸೋ ಆಯಿಲ್ ಬಿಟ್ಟು, ಸೀಳಿರುವ 22 ಮಿ.ಮೀ. ಸಾಕೆಟ್ ಹಾಕಿ. ಹೊಸದರ ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ (ಥ್ರೆಡ್ ಹಿಡ್ಕೊಳ್ಳದಂತೆ ತಡೆಯೋದು) ಮೊದಲೇ ಹಚ್ಚಿ ಬಂದಿದ್ರೆ ಮತ್ತೆ ಬೇಡ, ತುದಿಗಂತೂ ತಾಗಲೇಬಾರದು. ಟಾರ್ಕ್ ಸುಮಾರು 40–45 ನ್ಯೂಟನ್ ಮೀಟರ್.

ಪ್ರಶ್ನೆ: ನಂದು ಪಿ0131 ಸಾರ್ (ಅದೇ ಸೆನ್ಸರ್‌ನ ವೋಲ್ಟೇಜ್ ಕಡಿಮೆ ಅನ್ನೋ ಕೋಡ್), ವೋಲ್ಟೇಜ್ 0.1ರಲ್ಲೇ ನಿಂತಿದೆ.

ಉತ್ತರ: ಮೊದಲು ಎಕ್ಸಾಸ್ಟ್ ಲೀಕ್ ನೋಡಿ. ಸೆನ್ಸರ್‌ಗೆ ಮುಂಚೆ ಗ್ಯಾಸ್ಕೆಟ್ ಬಿಟ್ಟಿದ್ರೆ ಹೊರಗಿನ ಗಾಳಿ ಒಳಗೆ ಸೇರಿ, ಮಿಶ್ರಣ ಸರಿಯಿದ್ರೂ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಅಂತ ತೋರಿಸುತ್ತೆ. ಎಂಜಿನ್ ಬಿಸಿಯಾದ ಮೇಲೆ 2,500 ಆರ್‌ಪಿಎಮ್‌ನಲ್ಲಿ ಹಿಡಿದು ಲೈವ್ ಡೇಟಾ ನೋಡಿ: 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಮೇಲೆ ಕೆಳಗೆ ಆಗ್ತಿರಬೇಕು. ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿ. ಆಗ 0.8 ದಾಟಿದ್ರೆ ಸೆನ್ಸರ್ ಬದುಕಿದೆ, ಲೀಕ್ ಅಥವಾ ಫ್ಯೂಯಲ್ ಪ್ರೆಶರ್ ಹಿಂದೆ ಹೋಗಿ. ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತವನ್ನೇ ಅಳೆಯೋ ಬಗೆ) ಸೆನ್ಸರ್ ಇರೋ ಗಾಡಿಗೆ ಈ ವೋಲ್ಟೇಜ್ ಲೆಕ್ಕ ನಡೆಯಲ್ಲ, ಮೊದಲು ಯಾವ ಬಗೆ ಅಂತ ಖಚಿತ ಮಾಡ್ಕೊಳ್ಳಿ.