ಸಹಾಯ ಬೇಕು: ತಂಗಿಗೆ ಪೈಲಟ್ ಆಗಬೇಕಂತೆ, ಗೊತ್ತಿದ್ದವರು ದಾರಿ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ತಂಗಿ ಪಿಯುಸಿ ಎರಡನೇ ವರ್ಷ, ಸೈನ್ಸ್. ಪೈಲಟ್ ಆಗೇ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಫಿಸಿಕ್ಸ್, ಮ್ಯಾಥ್ಸ್ ಇರಬೇಕು, ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿ 200 ಗಂಟೆ ಹಾರಾಟ ಆಗಿರಬೇಕು, ಮೊದಲು ಕ್ಲಾಸ್ 2 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ), ಆಮೇಲೆ ಅದಕ್ಕಿಂತ ಕಟ್ಟುನಿಟ್ಟಾದ ಕ್ಲಾಸ್ 1, ಇಷ್ಟು ಗೊತ್ತಾಗಿದೆ.

ಮನೆಯಲ್ಲಿ ಸೋದರಮಾವನದೇ ದೊಡ್ಡ ತಕರಾರು. ಹುಡುಗಿ ರಾತ್ರಿಯೆಲ್ಲಾ ಊರೂರು ತಿರುಗಿದರೆ ಯಾರು ಮದುವೆ ಆಗುತ್ತಾರೆ ಅಂತ. ಅವರ ಸ್ವಂತ ಮಗಳು ನರ್ಸ್, ರಾತ್ರಿ ಪಾಳಿ ಮಾಡುತ್ತಾಳೆ, ಅದಕ್ಕೆ ಮಾತ್ರ ಮಾತಿಲ್ಲ! ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಇಲ್ಲೇ ಪಕ್ಕದ ಬೀದರ್‌ಗೆ ಬಂದು ಹಾಕ್ ವಿಮಾನದಲ್ಲಿ ತರಬೇತಿ ಪಡೆದವರು, 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ತಂದ ಪೈಲಟ್‌ಗಳೆಲ್ಲಾ ಹೆಣ್ಣುಮಕ್ಕಳೇ ಅಂತ ಹೇಳಿದೆ. ಅದೆಲ್ಲಾ ದೊಡ್ಡವರ ಮಾತು ಅಂದುಬಿಟ್ಟರು.

ಅಪ್ಪನ ಚಿಂತೆ ಬೇರೆ, ಅದು ನ್ಯಾಯವೇ. ದುಡ್ಡು. ಇರೋದು ಒಂದು ತೊಗರಿ ಹೊಲ. ಅದನ್ನು ಅಡ ಇಡದೆ ಬ್ಯಾಂಕ್ ಸಾಲ ಸಿಕ್ಕವರು ಯಾರಾದರೂ ಇದ್ದೀರಾ? ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆ ಒಳ್ಳೆಯದಾ, ಇಲ್ಲಾ ನಮ್ಮ ಕಲಬುರಗಿ ಏರ್‌ಪೋರ್ಟ್‌ನಲ್ಲೇ ಕಲಿಯೋದಾ? ಅವಳಿಗೆ ಕನ್ನಡಕ ಇದೆ, ಮೆಡಿಕಲ್ ಮಾಡಿಸಿಕೊಂಡವರು ಹೇಗಿರುತ್ತದೆ ಅಂತ ಹೇಳಿ. ಮುಖ್ಯವಾಗಿ, ಈ ಕಡೆಯಿಂದ ಹೋಗಿ ಪೈಲಟ್ ಆದ ಅಕ್ಕಂದಿರು ಯಾರಾದರೂ ಇದ್ದರೆ ನಮ್ಮ ಅವ್ವನ ಜೊತೆ ಫೋನಲ್ಲಿ ಹತ್ತು ನಿಮಿಷ ಮಾತಾಡುತ್ತೀರಾ? ಅವ್ವ ಒಪ್ಪಿದರೆ ಮಾವನನ್ನು ಅವ್ವನೇ ನೋಡಿಕೊಳ್ಳುತ್ತಾಳೆ.