ಪದಚರ್ಚೆ: ಅಡುಗೆ ಕಟ್ಟೆಯ ‘ಗ್ಯಾಪ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ,

ಅಡುಗೆಮನೆಯಲ್ಲಿ ಹೊಸ ಕಲ್ಲಿನ ಕೌಂಟರ್‌ಟಾಪ್ ಕೂರಿಸಿದ ಮೇಲೆ ಮನೆಯವರ ಕೈಗೆ ಕೊಡುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎಲ್ಲಿ ನೋಡಿದರೂ ‘ಗ್ಯಾಪ್’. ಗೋಡೆಗೂ ಕಲ್ಲಿಗೂ ನಡುವೆ ಗ್ಯಾಪ್, ಎರಡು ಹಲಗೆ ಸೇರುವಲ್ಲಿ ಗ್ಯಾಪ್, ಕಲ್ಲಿಗೂ ಕೆಳಗಿನ ಕಪಾಟಿಗೂ ನಡುವೆ ಗ್ಯಾಪ್. ಸದ್ಯಕ್ಕೆ ಎಲ್ಲ ಕಡೆ ‘ಬಿರುಕು’ ಎಂದು ಹಾಕಿದ್ದೇನೆ. ಓದಿದರೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ‘ಅಂತರ’ ಎಂದು ಬರೆದರೆ ಎರಡು ಊರುಗಳ ನಡುವಿನ ದೂರದಂತೆ ಕೇಳುತ್ತದೆ. ‘ಪೂರ್ ಫಿಟ್’ಗೂ ಒಂದು ಮಾತು ಬೇಕು. ‘ಹೊಂದಾಣಿಕೆಯ ಕೊರತೆ’ ಎಂದರೆ ಗಂಡ ಹೆಂಡತಿ ಜಗಳದ ಹಾಗಿದೆ. ದಯವಿಟ್ಟು ಬೇಗ ಹೇಳಿ.

———
ಮರು: ಅಡುಗೆ ಕಟ್ಟೆಯ ‘ಗ್ಯಾಪ್’

ಎಡೆ. ಅಚ್ಚಗನ್ನಡ. ಇದರಲ್ಲಿ ಚರ್ಚೆ ಮಾಡುವಂಥದ್ದೇನೂ ಇಲ್ಲ.

———
ಮರು: ಅಡುಗೆ ಕಟ್ಟೆಯ ‘ಗ್ಯಾಪ್’

> ಎಡೆ. ಅಚ್ಚಗನ್ನಡ.

ಅಡುಗೆಮನೆಯಲ್ಲಿ ನಿಂತು ‘ಎಡೆ’ ಅಂದರೆ ಓದುವವರು ಬೇರೇನೋ ತಿಳಿಯುತ್ತಾರೆ ಸ್ವಾಮಿ. ಸುಮ್ನೆ ‘ಗ್ಯಾಪ್’ ಅಂತಲೇ ಬಿಡಿ. ಎಲ್ಲರಿಗೂ ಗೊತ್ತಿರುವ ಪದ.

———
ಮರು: ಅಡುಗೆ ಕಟ್ಟೆಯ ‘ಗ್ಯಾಪ್’

ಮೊದಲು ಆ ‘ಬಿರುಕು’ ತೆಗೆಯಿರಿ. ಒಂದೇ ವಸ್ತು ಒಡೆದು ಬಾಯಿಬಿಟ್ಟರೆ ಅದು ಬಿರುಕು. ಕೈಪಿಡಿಯಲ್ಲಿ ‘2 ಮಿಲಿಮೀಟರ್ ಬಿರುಕು ಸಹಜ’ ಎಂದು ಓದಿದವರು ಕಲ್ಲನ್ನೇ ಬದಲಿಸಿಕೊಡಿ ಎಂದು ಪಟ್ಟು ಹಿಡಿಯುತ್ತಾರೆ. ಅವರದೇನೂ ತಪ್ಪಿಲ್ಲ. ಇಂಗ್ಲಿಷ್‌ನವರಿಗೆ ಎಲ್ಲದಕ್ಕೂ ಒಂದೇ ಪದ ಸಾಕಾಗಿದೆ ಅಂತ ನಮಗೂ ಸಾಕಾಗಬೇಕಿಲ್ಲ. ಇಲ್ಲಿರುವುದು ಬೇರೆ ಬೇರೆ ತೊಂದರೆ, ಬೇರೆ ಬೇರೆ ರಿಪೇರಿ.

ಗೋಡೆ ಪಕ್ಕದ್ದು ‘ಸಂದು’. ಕಲ್ಲಿನ ಅಂಚನ್ನು ಯಂತ್ರ ನೆಟ್ಟಗೆ ಕತ್ತರಿಸುತ್ತದೆ, ಗೋಡೆ ಅಷ್ಟು ನೆಟ್ಟಗಿರುವುದು ಅಪರೂಪ. ಹೀಗಾಗಿ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಎರಡು ಮೂರು ಮಿಲಿಮೀಟರ್ ಸಂದಿಗೆ ಸಿಲಿಕೋನ್ ತುಂಬಿ ಮುಗಿಸುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ, ಗೋಡೆಗೆ ಟೈಲ್ಸ್ ಬರುತ್ತದೆಯೇ ಎಂದು ಮೊದಲು ನೋಡಬೇಕು. ಟೈಲ್ಸ್ ಮತ್ತು ಅದರ ಅಂಟು ಸೇರಿದರೆ ಸುಮಾರು 10 ಮಿಲಿಮೀಟರ್ ದಪ್ಪ ಆಗುತ್ತದೆ. ಸಂದು ಅದರ ಅಡಿಗೆ ಹೋಗುತ್ತದೆ. ಟೈಲ್ಸ್ ಇಲ್ಲವೆಂದರೆ ಗೋಡೆಯ ಓರೆಕೋರೆಯನ್ನು ಕಲ್ಲಿನ ಮೇಲೆ ಗುರುತು ಹಾಕಿಕೊಂಡು, ಆ ಗೆರೆಯವರೆಗೆ ಅಂಚನ್ನು ಸವೆಸಿ ಒಳಗೆ ತಳ್ಳುತ್ತಾರೆ. ನಿಮ್ಮ ಮೂಲದಲ್ಲಿ ‘ಸ್ಕ್ರೈಬ್’ ಎಂದಿದ್ದರೆ ಅದು ಇದೇ. ‘ಬರೆಯುವುದು’ ಎಂದು ಅನುವಾದಿಸಿಬಿಟ್ಟೀರಿ! ‘ಗೋಡೆಗೆ ತಕ್ಕಂತೆ ಅಂಚು ತಿದ್ದುವುದು’ ಅಂದರೆ ಸಾಕು.

ಎರಡು ಹಲಗೆ ಸೇರುವಲ್ಲಿ ಇರುವುದು ಸಂದಲ್ಲ, ‘ಕೂಡುಗೆರೆ’. ಅಲ್ಲಿ ಕಲ್ಲಿನ ಬಣ್ಣಕ್ಕೆ ಹೊಂದುವ ಎಪಾಕ್ಸಿ ಅಂಟು ತುಂಬಿರುತ್ತಾರೆ. ಗೆರೆ ಸ್ವಲ್ಪ ಕಾಣುವುದು ಸಹಜ. ಬೆರಳು ಆಡಿಸಿದರೆ ಒಂದು ಹಲಗೆ ಮೇಲೆ, ಒಂದು ಕೆಳಗೆ ಎಂದು ತಡೆಯಬಾರದು. ಆಮೇಲೆ ತೆರೆದುಕೊಂಡರೆ ‘ಕೂಡುಗೆರೆ ಬಿಟ್ಟುಕೊಂಡಿದೆ’ ಎನ್ನಿ. ಹಾಗೆ ಬಿಟ್ಟುಕೊಂಡರೆ ಮೇಲಿಂದ ಮತ್ತೆ ಎಪಾಕ್ಸಿ ತುಂಬಿಸಿ ಕೈತೊಳೆದುಕೊಳ್ಳಬಾರದು, ಕೆಳಗಿನ ಕಪಾಟು ಕುಸಿದಿದೆಯೇ ಎಂದು ನೋಡಬೇಕು.

ಕಲ್ಲಿನ ಕೆಳಗಿನದು ‘ಟೊಳ್ಳು’. ನಿಮ್ಮ ಕೈಪಿಡಿಯಲ್ಲಿ ಎಚ್ಚರದಿಂದ ಬರೆಯಬೇಕಾದ್ದು ಇದನ್ನೇ. ಕಪಾಟುಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಕಲ್ಲಿಗೆ ಕೆಲವು ಕಡೆ ಆಸರೆಯೇ ಇರುವುದಿಲ್ಲ. ಮೇಲೆ ಭಾರ ಬಿದ್ದರೆ, ಅದರಲ್ಲೂ ಸಿಂಕ್‌ಗೆಂದು ಕೊರೆದ ಕಡೆ ಉಳಿಯುವ ಕಿರಿದಾದ ಪಟ್ಟಿಯಲ್ಲಿ, ಆಗ ಬರುವುದು ನಿಜವಾದ ಬಿರುಕು. ಸಿಲಿಕೋನ್ ಮೆತ್ತಿದರೆ ಟೊಳ್ಳು ಕಣ್ಣಿಗೆ ಮರೆಯಾಗುತ್ತದೆ, ಆಸರೆ ಸಿಗುವುದಿಲ್ಲ. ಗಟ್ಟಿ ಬೆಣೆ ಕೊಡಬೇಕು. ‘ಶಿಮ್’ ಅಂದರೆ ನಮ್ಮ ಬೆಣೆಯೇ. ಈಗ ನಿಮ್ಮ ಕರಡಿನಲ್ಲಿ ಈ ವಾಕ್ಯ ಹೇಗಾಗುತ್ತದೆ ನೋಡಿ: ‘ಬಿರುಕು ಇದ್ದರೆ ಬಿರುಕು ಬರುತ್ತದೆ’.

‘ಫಿಟ್’ಗೆ ನಾಮಪದ ಹುಡುಕುತ್ತಾ ಕೂರಬೇಡಿ. ಕನ್ನಡದಲ್ಲಿ ಅದು ಕ್ರಿಯಾಪದದ ಕೆಲಸ. ‘ಕಲ್ಲು ಸರಿಯಾಗಿ ಕೂತಿಲ್ಲ.’

———
ಮರು: ಮರು: ಅಡುಗೆ ಕಟ್ಟೆಯ ‘ಗ್ಯಾಪ್’

ಬಡಗಿ ಕೆಲಸದ ಪಾಠಕ್ಕೆ ಧನ್ಯವಾದ. ಆದರೆ ‘ಸಂದು’ ಸಂಸ್ಕೃತದ ‘ಸಂಧಿ’ಯಿಂದ ಬಂದದ್ದು. ಸಂಧಿ ಎಂದರೆ ಕೂಡುವುದು. ಕೂಡದೆ ಬಿಟ್ಟ ಜಾಗಕ್ಕೆ ಕೂಡುವುದು ಎಂದು ಹೆಸರಿಡುತ್ತೀರಾ? ‘ಎಡೆ’ ಬೇಡವಾದರೆ ‘ತೆರಪು’ ಇದೆ. ನಮ್ಮ ಕಣಜದಲ್ಲಿ ಇರುವಾಗ ಸಾಲ ಯಾಕೆ?

———
ಮರು: ಮರು: ಅಡುಗೆ ಕಟ್ಟೆಯ ‘ಗ್ಯಾಪ್’

ಸಂದು ಸಂಸ್ಕೃತ ಎಂದು ಯಾರು ಹೇಳಿದ್ದು? ‘ಸಲ್’ ಧಾತುವಿನ ಭೂತರೂಪವೇ ‘ಸಂದು’. ನಿಲ್ ನಿಂದು, ಕೊಲ್ ಕೊಂದು, ಸಲ್ ಸಂದು. ಸಲ್ಲುವುದೆಂದರೆ ಹೋಗುವುದು, ಹೊಗುವುದು. ಹೊಗಲು ಜಾಗವಿರುವುದೇ ಸಂದು. ಇದನ್ನು ಈ ಚರ್ಚಾಪಟ್ಟಿಯಲ್ಲಿ ಹಿಂದೆಯೂ ಬರೆದಿದ್ದೇನೆ. ಯಾರೂ ಓದುವುದಿಲ್ಲ.

———
ಮರು: ಸಂದು ಯಾರಪ್ಪನ ಮನೆಯದು?

> ಸಲ್ ಸಂದು

ರೂಪ ಸರಿ, ಅರ್ಥ ಎಳೆದಾಟ. ಮೈಯ ಕೀಲಿಗೂ ‘ಸಂದು’ ಎನ್ನುತ್ತೇವೆ, ಅಲ್ಲಿನ ನೋವಿಗೆ ಸಂದುನೋವು ಎನ್ನುತ್ತೇವೆ. ಅದು ಸಂಧಿಯೇ. ಎರಡು ಸೇರುವ ತಾಣಕ್ಕೆ ಇದ್ದ ಹೆಸರು ಆ ತಾಣದಲ್ಲಿ ಉಳಿದ ಇಕ್ಕಟ್ಟು ಜಾಗಕ್ಕೂ ಹರಡಿತು. ಸಂದಿಗೊಂದಿ ಎನ್ನುವಾಗ ಕೂಡುವುದು ಯಾರ ತಲೆಗೂ ಬರುವುದಿಲ್ಲ. ಇನ್ನು ತದ್ಭವ ಎಂದ ಮಾತ್ರಕ್ಕೆ ಪರಕೀಯವಲ್ಲ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಇಂಥವಕ್ಕೆ ಅಪಭ್ರಂಶ ಪ್ರಕರಣ ಎಂದು ಬೇರೆಯದನ್ನೇ ಮಾಡಿಟ್ಟಿದ್ದಾನೆ. ಆಮೇಲೆ ‘ತೆರಪು’ ಅಂದರೆ ಬಿಡುವು, ಖಾಲಿ ಜಾಗ. ಮಿಲಿಮೀಟರಿನಲ್ಲಿ ಅಳೆಯುವ ತೆರಪನ್ನು ನಾನಂತೂ ಕೇಳಿಲ್ಲ.

———
ಮರು: ಸಂದು ಯಾರಪ್ಪನ ಮನೆಯದು?

ಸಂಸ್ಕೃತ ಬಂದಾಗೆಲ್ಲ ಕೇಶಿರಾಜನನ್ನು ಕರೆಯುತ್ತೀರಿ. ಇಂಗ್ಲಿಷ್ ಬಂದಾಗ ಯಾರನ್ನು ಕರೆಯುತ್ತೀರಿ? ಈಗಲೇ ಸಿಲಿಕೋನ್, ಎಪಾಕ್ಸಿ, ಟೈಲ್ಸ್, ಸಿಂಕ್. ಇನ್ನು ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ.

———
ಮರು: ಸಂದು ಯಾರಪ್ಪನ ಮನೆಯದು?

ನೀವು ಕೂತ ಕುರ್ಚಿ ಅರಬ್ಬಿ, ಪುಸ್ತಕ ಇಟ್ಟ ಅಲಮಾರು ಪೋರ್ಚುಗೀಸ್. ಎರಡನ್ನೂ ಹೊರಗೆ ಹಾಕಿ ಬನ್ನಿ, ಆಮೇಲೆ ಮಾತಾಡೋಣ.

———
ಮರು: ಸಂದು ಯಾರಪ್ಪನ ಮನೆಯದು?

ಹಳೆಯ ಸಾಲ ಇದೆ ಅಂತ ದಿನಾ ಹೊಸ ಸಾಲ ಮಾಡಬೇಕಾ? ಇದು ವಾದವಲ್ಲ, ಸೋಮಾರಿತನ.

———
ಮರು: ಮೂಲ ಪ್ರಶ್ನೆಗೆ

ಕೈಪಿಡಿಯವರು ಇನ್ನೂ ಓದುತ್ತಿದ್ದರೆ ಒಂದು ಮಾತು. ‘ಸಿಲಿಕೋನ್’ ಮತ್ತು ‘ಸಿಲಿಕಾನ್’ ಒಂದೇ ಅಲ್ಲ. ಸಿಲಿಕಾನ್ ಮೂಲಧಾತು, ಚಿಪ್ ಮಾಡುವುದು ಅದರಿಂದ. ಸಂದಿಗೆ ತುಂಬುವ ರಬ್ಬರಿನಂಥ ವಸ್ತು ಸಿಲಿಕೋನ್. ಅಚ್ಚಿನಲ್ಲಿ ಇದು ತಪ್ಪದೆ ತಪ್ಪಾಗುತ್ತದೆ. ಹಾಗೆಯೇ ಟೈಲ್ಸ್ ನಡುವೆ ತುಂಬುವ ‘ಗ್ರೌಟ್’ ಅನ್ನೂ ಇದರ ಜೊತೆ ಸೇರಿಸಿ ‘ಗಾರೆ’ ಮಾಡಬೇಡಿ. ಕಲ್ಲೂ ಗೋಡೆಯೂ ಸೇರುವ ಮೂಲೆ ಸ್ವಲ್ಪ ಅಲುಗುತ್ತಿರುತ್ತದೆ. ಸಿಮೆಂಟಿನ ಗ್ರೌಟ್ ಅಲ್ಲಿ ಉದುರುತ್ತದೆ, ಸಿಲಿಕೋನ್ ಹಿಗ್ಗಿ ಕುಗ್ಗಿ ತಡೆದುಕೊಳ್ಳುತ್ತದೆ. ಅಮೃತಶಿಲೆಯ ಮಾತು ಬಂದರೆ ಇನ್ನೊಂದು ಎಚ್ಚರ: ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಆ ಕಲ್ಲನ್ನು ತಿನ್ನುತ್ತದೆ. ಮೂಲದಲ್ಲಿ ‘ನ್ಯೂಟ್ರಲ್’ ಎಂದಿರುವುದು ಇದಕ್ಕೇ. ‘ತಟಸ್ಥ’ ಎಂದು ಹಾಕಿದರೆ ಚುನಾವಣೆಯ ನೆನಪಾಗುತ್ತದೆ. ‘ಆಮ್ಲ ಬಿಡದ ಸಿಲಿಕೋನ್’ ಎನ್ನಿ.

———
ಮರು: ಮೂಲ ಪ್ರಶ್ನೆಗೆ

ಎಲ್ಲರಿಗೂ ಥ್ಯಾಂಕ್ಸ್. ಸಂದು, ಕೂಡುಗೆರೆ, ಟೊಳ್ಳು, ಬೆಣೆ ಹಾಕಿದ್ದೇನೆ. ಬಿರುಕು ಒಂದೇ ಕಡೆ ಉಳಿದಿದೆ, ಸಿಂಕ್ ಹತ್ತಿರ. ಎಪಾಕ್ಸಿ, ಸಿಲಿಕೋನ್ ಹಾಗೇ ಇರುತ್ತವೆ, ಯಾರು ಬೈದರೂ. ಕೊನೆಯದಾಗಿ ಒಂದು ಉಳಿಯಿತು. ಕಪಾಟಿನಿಂದ ಮುಂದಕ್ಕೆ ಬರುವ ಕಲ್ಲಿನ ಅಂಚಿಗೆ ‘ಓವರ್‌ಹ್ಯಾಂಗ್’ ಎಂದಿದೆ. ಒಂದು ಕಡೆ 25, ಇನ್ನೊಂದು ಕಡೆ 40 ಮಿಲಿಮೀಟರ್ ಬಂದರೆ ಕಲ್ಲು ಓರೆಯಾಗಿ ಕೂತಿದೆ ಎಂದು ಹೇಳಬೇಕು. ಏನನ್ನಲಿ?

———
ಮರು: ಮೂಲ ಪ್ರಶ್ನೆಗೆ

ಚಾಚು. ‘ಚಾಚು ಎರಡೂ ತುದಿಯಲ್ಲಿ ಒಂದೇ ಅಳತೆ ಇರಬೇಕು.’ ಅಪ್ಪಟ ನಮ್ಮದು. ಇದಕ್ಕೂ ಯಾರೂ ತಕರಾರು ತೆಗೆಯಬೇಡಿ.

———
ಮರು: ಮೂಲ ಪ್ರಶ್ನೆಗೆ

ಚಾಚು ಸರಿ. ‘ತಕರಾರು’ ಅರಬ್ಬಿ.